ಕಬ್ಬಿಣದ ಮೈಯೊಳಗಿನ ಕ್ಲಿಫ್

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸೂಪರ್‌ಹೀರೊ ಕಾಮಿಕ್ಸ್ ಕುರಿತ ಲೇಖನ ಓದಿದೆ. ಬರೆಯುವವರು ಬದಲಾದರೂ ಕಥೆ ಮಾತ್ರ ಅದೇ ಹಳಸಲು ಎಂಬ ಮಾತನ್ನು ನಾನು ಒಪ್ಪಲಾರೆ. ನಮ್ಮಲ್ಲಿ ಹೆಚ್ಚು ಜನ ಕೇಳಿರದ ಅಮೆರಿಕದ ಡೂಮ್ ಪಟ್ರೋಲ್ ಎಂಬ ಸೂಪರ್‌ಹೀರೊ ತಂಡದ ಕಾಮಿಕ್ಸ್ ಸರಣಿಯನ್ನೇ ನೋಡಿ.

1963ರಲ್ಲಿ ಅರ್ನಾಲ್ಡ್ ಡ್ರೇಕ್, ಬಾಬ್ ಹೇನಿ ಹಾಗೂ ಚಿತ್ರಕಾರ ಬ್ರೂನೊ ಪ್ರೆಮಿಯಾನಿ ಇದನ್ನು ಶುರುಮಾಡಿದರು. ರೇಸ್ ಕಾರು ಓಡಿಸುತ್ತಿದ್ದ, ಈ ತಂಡದ ಕ್ಲಿಫ್ ಸ್ಟೀಲ್ ಅಪಘಾತದಲ್ಲಿ ನಜ್ಜುಗುಜ್ಜಾಗುತ್ತಾನೆ. ಉಳಿದ ಮಿದುಳನ್ನು ಲೋಹದ ದೇಹದೊಳಗಿಟ್ಟು ಬದುಕಿಸುತ್ತಾರೆ. 1968ರಲ್ಲಿ ಪತ್ರಿಕೆ ನಿಲ್ಲುವ ಹೊತ್ತಿಗೆ ಡ್ರೇಕ್, ಬರೀ 14 ಜನರಿರುವ ಮೀನುಗಾರರ ಊರಿಗಾಗಿ ಇಡೀ ತಂಡ ಪ್ರಾಣ ಕೊಡುವಂತೆ ಬರೆದರು. ಮುಂದೆ ಬಂದವರು ಕ್ಲಿಫ್‌ನನ್ನು ಮತ್ತೆ ಎಬ್ಬಿಸಿದರು.

1989ರಲ್ಲಿ ಸರಣಿ ಗ್ರಾಂಟ್ ಮಾರಿಸನ್ ಕೈಗೆ ಬಂತು. ನಾನು ಪ್ರೆಸ್ ಮಷೀನಿಗೆ ಬಲಗೈಯ ಮೂರು ಬೆರಳು ಕೊಟ್ಟವನು. ಇಲ್ಲದ ಬೆರಳು ರಾತ್ರಿ ತುರಿಸುತ್ತದೆ ಎಂದರೆ ಮನೆಯವರೂ ನಂಬುತ್ತಿರಲಿಲ್ಲ. ಮಾರಿಸನ್ ಬರೆದ ಮೊದಲ ಸಂಚಿಕೆಯಲ್ಲೇ ಕ್ಲಿಫ್ ಮಾನಸಿಕ ಆಸ್ಪತ್ರೆಯಲ್ಲಿ ಕೂತು ಇದನ್ನು ಹೇಳುತ್ತಾನೆ: ಕೈಕಾಲು ಹೋದವರನ್ನು ಆ ಕೈಕಾಲು ಕಾಡಿದರೆ, ತನ್ನನ್ನು ಇಡೀ ದೇಹವೇ ಕಾಡುತ್ತಿದೆ ಎಂದು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಆ ಪುಟ ಅರ್ಥವಾಯಿತು. ಎರಡು ದಿನ ಮುಂದಿನ ಪುಟ ತಿರುವಲಿಲ್ಲ. ಡ್ರೇಕ್ ಕಾಲದ ಕ್ಲಿಫ್‌ಗೂ ಸಿಟ್ಟು, ಸಂಕಟ ಇದ್ದವು. ಆ ಕಬ್ಬಿಣದ ಮೈಯೊಳಗೆ ತಾನೇ ಹೊಕ್ಕು ಕೂತವರು ಮಾತ್ರ ಮಾರಿಸನ್. ತಂಡ ಕಟ್ಟಿದ ಚೀಫ್, ಅಂದರೆ ನೈಲ್ಸ್ ಕೌಲ್ಡರ್, ಕ್ಲಿಫ್‌ನದೂ ಸೇರಿ ತಂಡದವರ ಅಪಘಾತಗಳನ್ನು ತಾನೇ ಮಾಡಿಸಿದ್ದ ಎಂದು ಕೊನೆಕೊನೆಗೆ ಬಯಲಾಗುತ್ತದೆ. ಹಳೆಯ ಸಂಚಿಕೆಗಳ ಒಂದು ಗೆರೆಯನ್ನೂ ಅಳಿಸದೆ ಅವುಗಳ ಅರ್ಥವನ್ನೇ ತಿರುಗಿಸಿಬಿಟ್ಟರು. ಅದನ್ನು ಓದಿದ ಮೇಲೆ 1963ರ ಚೀಫ್‌ನ ದಯೆ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

2004ರಲ್ಲಿ ಜಾನ್ ಬರ್ನ್ ಹಿಂದಿನದೇನೂ ನಡೆದೇ ಇಲ್ಲವೆಂಬಂತೆ ಮೊದಲಿನಿಂದ ಶುರುಮಾಡಿದರು. ಅದು ನನಗೆ ಹಿಡಿಸಲಿಲ್ಲ. ಆಗಿಹೋದ ಗಾಯವನ್ನು ಆಗಲೇ ಇಲ್ಲ ಎನ್ನುವುದು ಹೊಸತನವಲ್ಲ.

ಮಾರಿಸನ್ ನಂತರ 1993ರಲ್ಲಿ ಬಂದ ರೇಚಲ್ ಪೊಲಾಕ್ ಅವರ ಹೆಸರು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಸ್ವತಃ ಟ್ರಾನ್ಸ್ ಮಹಿಳೆಯಾಗಿದ್ದ ಅವರು ಕೇಟ್ ಗಾಡ್ವಿನ್ ಎಂಬ ಟ್ರಾನ್ಸ್ ನಾಯಕಿಯನ್ನು ಈ ತಂಡಕ್ಕೆ ತಂದರು. ತನ್ನ ದೇಹದ ಜೊತೆ ಜಗಳವಾಡುತ್ತಲೇ ಬದುಕುವ ಕ್ಲಿಫ್‌ನ ಪಕ್ಕದಲ್ಲಿ ಕೇಟ್ ನಿಂತದ್ದು ಎಷ್ಟು ಸಹಜವಾಗಿತ್ತು! ಆ ಸಂಚಿಕೆಗಳೆಲ್ಲ ಒಂದೇ ಪುಸ್ತಕವಾಗಿ ಸಿಗಲು 2022ರವರೆಗೆ ಕಾಯಬೇಕಾಯಿತು. ಪುರವಣಿಯಲ್ಲಿ ದಯವಿಟ್ಟು ಅವುಗಳ ಬಗ್ಗೆ ಒಂದು ಲೇಖನ ಬರೆಸಿ.

– ನಿವೃತ್ತ ಪ್ರೆಸ್ ಆಪರೇಟರ್, ದಾಸರಹಳ್ಳಿ, ಬೆಂಗಳೂರು