ಒಂದು ನಿಮಿಷ ಪೂರ್ತಿ

ಲೆಸ್ಟರ್, ಇಂಗ್ಲೆಂಡ್
13 ಜುಲೈ 2025, ಆದಿತ್ಯವಾರ

ಪ್ರೀತಿಯ ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವೆಲ್ಲ ಕ್ಷೇಮ ಅಂತ ಮೊನ್ನೆ ಫೋನಿನಲ್ಲೇ ಗೊತ್ತಾಯಿತು. ದಿನಾ ಫೋನು ಇರುವಾಗ ಕಾಗದ ಯಾಕೆ ಅಂತ ಅಮ್ಮ ಕೇಳಿಯೇ ಕೇಳುತ್ತಾಳೆ. ಯಾಕೆಂದರೆ ನಮ್ಮ ಮನೆಯ ಫೋನಿಗೆ ಯಾವಾಗಲೂ ಸ್ಪೀಕರ್ ಹಾಕಿರುತ್ತದೆ. ಜಗಲಿಯಲ್ಲಿ ನೀವಿಬ್ಬರು, ಒಳಗಿಂದ ಅಜ್ಜಿ, ಹಾಲು ಕೊಂಡುಹೋಗಲು ಬಂದ ನೆರೆಮನೆಯವರು, ಎಲ್ಲರೂ ಒಟ್ಟಿಗೆ ಕೇಳುವುದು. ಈ ವಿಷಯ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಬರೆದು, ಫೋಟೊ ತೆಗೆದು ತಮ್ಮನಿಗೆ ಕಳಿಸುತ್ತಿದ್ದೇನೆ. ಅವನು ಬದಿಯಡ್ಕದಲ್ಲಿ ಪ್ರಿಂಟ್ ತೆಗೆದು ತರುತ್ತಾನೆ. ಅಮ್ಮ, ಕನ್ನಡಕ ಹಾಕಿಕೊಂಡು ನಿಧಾನ ಓದು. ಅರ್ಧ ಓದಿ ಅಳಲಿಕ್ಕೆ ಕೂರಬೇಡ.

ವಿಷಯ ಇಷ್ಟು. ನಾನು ಇಲ್ಲಿನ ನರ್ಸಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೇನೆ.

ಮಾರ್ಚ್‌ನಲ್ಲಿ "ಪರೀಕ್ಷೆ ಮುಂದೆ ಹೋಯಿತು" ಅಂದೆನಲ್ಲ, ಅದು ಸುಳ್ಳು. ಮೇ ತಿಂಗಳಲ್ಲಿ "ರಿಸಲ್ಟ್ ಇನ್ನೂ ಬಂದಿಲ್ಲ" ಅಂದದ್ದೂ ಸುಳ್ಳು. ಇಲ್ಲಿ ರಿಸಲ್ಟಿಗೆ ತಿಂಗಳುಗಟ್ಟಲೆ ಕಾಯುವುದೆಲ್ಲ ಇಲ್ಲ, ಬೇಗ ಇ-ಮೇಲ್ ಬಂದುಬಿಡುತ್ತದೆ. ಅಮ್ಮ ಮಧೂರು ಗಣಪತಿಗೆ ಅಪ್ಪದ ಸೇವೆ ಮಾಡಿಸಿದ್ದು ಗೊತ್ತಾದಾಗ ನಾನು ಎರಡನೇ ಇ-ಮೇಲ್ ಓದಿ ಎರಡು ದಿನ ಆಗಿತ್ತು. ತಮ್ಮ ಪ್ರಸಾದದ ಫೋಟೊ ಕಳಿಸಿದ್ದ. ಬಾಳೆಲೆಯ ಮೇಲೆ ಕಪ್ಪಗೆ ಹೊಳೆಯುವ ಅಪ್ಪ. "ಚೆಂದ ಬಂದಿದೆ" ಅಂತ ಬರೆದು ಫೋನು ಕವುಚಿ ಇಟ್ಟೆ.

ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಪರೀಕ್ಷೆ ಪಾಸು ಮಾಡಿ ಬಂದವಳಿಗೆ ಇನ್ನೆಂತ ಪರೀಕ್ಷೆ ಅಂತ ಅಜ್ಜಿ ಕೇಳಬಹುದು. ಅದು ಮೊದಲನೇ ಭಾಗ. ಎರಡನೆಯದು ಇಲ್ಲಿಗೆ ಬಂದ ಮೇಲೆ ಕೈಯಲ್ಲಿ ಮಾಡಿ ತೋರಿಸುವುದು. ಓಸ್ಕಿ ಅನ್ನುತ್ತಾರೆ. ಹತ್ತು ಸ್ಟೇಷನ್. ಪರದೆ ಹಾಕಿದ ಒಂದೊಂದು ಸಣ್ಣ ಕೋಣೆ, ಒಂದರಲ್ಲಿ ರೋಗಿಯ ವೇಷದಲ್ಲಿ ನಟರು ಮಲಗಿರುತ್ತಾರೆ, ಇನ್ನೊಂದರಲ್ಲಿ ಬೊಂಬೆ. ಕೆಲವು ಸ್ಟೇಷನ್‌ಗಳಲ್ಲಿ ಮಾತೇ ಇಲ್ಲ, ಕೂತು ಬರೆಯುವುದು. ಎಲ್ಲದಕ್ಕೂ ಗಡಿಯಾರ ಓಡುತ್ತಿರುತ್ತದೆ. ಪಾಸಾದರೆ ಇಲ್ಲಿನ ನರ್ಸಿಂಗ್ ಕೌನ್ಸಿಲ್ ಒಂದು ಪಿನ್ ನಂಬರ್ ಕೊಡುತ್ತದೆ. ಅದು ಸಿಗುವವರೆಗೆ ನಾನು ನರ್ಸ್ ಅಲ್ಲ. ಮೈ ಒರೆಸುತ್ತೇನೆ, ಊಟ ಮಾಡಿಸುತ್ತೇನೆ, ಬಿಪಿ ನೋಡುತ್ತೇನೆ. ಯೂನಿಫಾರ್ಮಿನ ಬಣ್ಣವೇ ಬೇರೆ, ಸಂಬಳವೂ ಕಡಿಮೆ. ಪುತ್ತೂರಿನ ಚಿಕ್ಕಮ್ಮ ಮದುವೆ ಮನೆಗಳಲ್ಲಿ "ಲಂಡನ್ ನರ್ಸ್" ಅಂತ ಹೇಳಿಕೊಂಡು ಬರುತ್ತಾರಲ್ಲ, ನಾನು ಇರುವುದು ಲಂಡನ್ನಿನಲ್ಲೂ ಅಲ್ಲ, ಸದ್ಯಕ್ಕೆ ನರ್ಸೂ ಅಲ್ಲ.

ಮೊದಲ ಸಲ ಮೂರು ಸ್ಟೇಷನ್‌ಗಳಲ್ಲಿ ಬಿದ್ದೆ. ಯಾಕೆ ಅಂತ ತಿಳಿಯಲು ನನಗೆ ತುಂಬ ದಿನ ಬೇಕಾಯಿತು. ಮಾತ್ರೆ ಕೊಡುವ ಸ್ಟೇಷನ್ ಒಂದನ್ನೇ ಹೇಳುತ್ತೇನೆ. ರೋಗಿಯ ಕೈಪಟ್ಟಿ ನೋಡಿದೆ. ಚಾರ್ಟಿನಲ್ಲಿ ಅಲರ್ಜಿಯ ಚೌಕ ನೋಡಿದೆ. ಮಾತ್ರೆಯ ಪಟ್ಟಿ ತಿರುಗಿಸಿ ಎಕ್ಸ್‌ಪೈರಿ ತಾರೀಕು ನೋಡಿದೆ. ಎಲ್ಲ ಕಣ್ಣಲ್ಲೇ. ಮಂಗಳೂರಿನಲ್ಲಿ ಏಳು ವರ್ಷ ಹಾಗೇ ಮಾಡಿದ್ದು. ಒಂದೇ ಒಂದು ಮಾತ್ರೆ ತಪ್ಪಿ ಕೊಟ್ಟವಳಲ್ಲ. ಆದರೆ ಮೂಲೆಯಲ್ಲಿ ಕೂತ ಪರೀಕ್ಷಕರಿಗೆ ನನ್ನ ಕಣ್ಣು ಎಲ್ಲಿ ಹೋಯಿತು ಅಂತ ಹೇಗೆ ಗೊತ್ತಾಗಬೇಕು? "ಅಲರ್ಜಿ ನೋಡುತ್ತಿದ್ದೇನೆ, ಇಲ್ಲ ಅಂತ ಬರೆದಿದೆ, ನಿಮ್ಮನ್ನೂ ಒಮ್ಮೆ ಕೇಳುತ್ತೇನೆ" ಅಂತ ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ನೋಡಿಯೇ ಇಲ್ಲ ಅಂತ ಲೆಕ್ಕ.

ಅಪ್ಪ, ನೀವು ಅಡಿಕೆಗೆ ಬಿಡುವ ಮದ್ದು ಕಲಸುವುದನ್ನು ನಾನು ಎಷ್ಟು ಮಳೆಗಾಲ ನೋಡಿದ್ದೇನೆ! ಒಂದು ಕಿಲೊ ಮೈಲುತುತ್ತು ಒಂದು ಕಡೆ, ಒಂದು ಕಿಲೊ ಸುಣ್ಣ ಇನ್ನೊಂದು ಕಡೆ, ಎಲ್ಲ ಸೇರಿ ನೂರು ಲೀಟರ್ ನೀರು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತೀರಿ, ಅತ್ತಿಂದಿತ್ತ ಅಲ್ಲ. ಆಮೇಲೆ ಹೊಳೆಯುವ ಹಾಗೆ ಉಜ್ಜಿದ ಕತ್ತಿಯನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ಎತ್ತಿ ಬೆಳಕಿಗೆ ಹಿಡಿಯುತ್ತೀರಿ. ಕೆಂಪು ಹಿಡಿದಿದ್ದರೆ ಇನ್ನಷ್ಟು ಸುಣ್ಣ. ಇಷ್ಟೂ ಹೊತ್ತು ಬಾಯಲ್ಲಿ ಎಲೆ ಅಡಿಕೆ, ಒಂದು ಮಾತಿಲ್ಲ. ಇಲ್ಲಿನ ಪರೀಕ್ಷಕರಾಗಿದ್ದರೆ ನಿಮ್ಮನ್ನು ಖಂಡಿತ ಫೇಲ್ ಮಾಡುತ್ತಿದ್ದರು. ಕತ್ತಿ ಅದ್ದಿದ್ದು ಯಾಕೆ ಅಂತ ನೀವು ಹೇಳಲೇ ಇಲ್ಲವಲ್ಲ! ನಮ್ಮ ಮನೆಯಲ್ಲಿ ಕೆಲಸ ಮಾಡುತ್ತಾ ಮಾತಾಡುವವರನ್ನು ಅಜ್ಜಿ "ವಾಚಾಳಿ" ಅನ್ನುತ್ತಾರೆ. ಇಲ್ಲಿ ವಾಚಾಳಿಗಳೇ ಪಾಸಾಗುವುದು.

ಎರಡನೇ ಸಲ ಆ ಮೂರು ಸ್ಟೇಷನ್ ಮಾತ್ರ ಮಾಡಿದರೆ ಸಾಕಿತ್ತು. ಈ ಸಲ ಬಾಯಿ ಬಿಟ್ಟೆ. ಎರಡು ಪಾಸಾಯಿತು. ಮೂರನೆಯದರಲ್ಲಿ ಬಿದ್ದೆ. ರೋಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕೇಳಿ, ಅಳೆದು ಬರೆಯುವ ಸ್ಟೇಷನ್ ಅದು. ಬಿದ್ದದ್ದು ಅರ್ಧ ನಿಮಿಷಕ್ಕೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಈಗ ಹಗಲೂ ರಾತ್ರಿ ಯೋಚಿಸುವುದು ಇದನ್ನೇ. ರೋಗಿಯ ಉಸಿರು ಎಣಿಸಬೇಕು. ಎದೆ ಒಮ್ಮೆ ಏರಿ ಇಳಿದರೆ ಒಂದು. ನಾನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದೆ. ಇಲ್ಲಿ ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. ಗೊತ್ತಿರಲಿಲ್ಲ ಅಂತಲ್ಲ. ಓದಿದ್ದೆ. ಕೈ ಕೇಳಲಿಲ್ಲ.

ಆ ಅಭ್ಯಾಸ ಎಲ್ಲಿಂದ ಬಂತು ಅಂತಲೂ ಗೊತ್ತು. 2020ರಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿದಾಗ ನಾನು ಮಂಗಳೂರಿನ ಕಡೆ, ನೀವು ಕಾಸರಗೋಡಿನ ಕಡೆ ಆದೆವಲ್ಲ. ಹಾಸ್ಟೆಲ್, ವಾರ್ಡು, ಹಾಸ್ಟೆಲ್. ಕಾಸರಗೋಡಿನಿಂದ ಬರುವ ಹುಡುಗಿಯರು ಎಷ್ಟೋ ಜನ ಬರಲಾಗದೆ ರಾತ್ರಿ ಪಾಳಿಯಲ್ಲಿ ನನ್ನೊಬ್ಬಳ ಕೈಯಲ್ಲಿ ಇಪ್ಪತ್ತೆಂಟು ಹಾಸಿಗೆ. ಒಬ್ಬೊಬ್ಬರಿಗೆ ಪೂರ್ತಿ ನಿಮಿಷ ಕೊಟ್ಟರೆ ಬರೀ ಉಸಿರು ಎಣಿಸಲಿಕ್ಕೇ ಅರ್ಧ ಗಂಟೆ. ಆಗ ಅರ್ಧ ನಿಮಿಷ ಎಣಿಸಲು ಶುರು ಮಾಡಿದವಳು ಮತ್ತೆ ಬಿಡಲಿಲ್ಲ.

ಇಲ್ಲಿ ಪ್ರತಿ ಹಾಸಿಗೆಗೂ ನ್ಯೂಸ್ ಟೂ ಅನ್ನುವ ಒಂದು ಚಾರ್ಟು ಇದೆ. ಉಸಿರು, ಆಕ್ಸಿಜನ್, ಬಿಪಿ, ನಾಡಿ, ಎಚ್ಚರ, ಜ್ವರ, ಎಲ್ಲಕ್ಕೂ ಅಂಕ. ನಮ್ಮ ಶಾಲೆಯ ಹಾಗಲ್ಲ, ಅಂಕ ಜಾಸ್ತಿಯಾದಷ್ಟೂ ಅಪಾಯ. ಒಟ್ಟು 5 ಆದರೆ ಡಾಕ್ಟರರನ್ನು ಬೇಗ ಕರೆಯಬೇಕು, 7 ಆದರೆ ಓಡಬೇಕು. ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ. 21 ಆದ ಕೂಡಲೇ 2. ಈಗ ನನ್ನ ಲೆಕ್ಕ ನೋಡಿ. ಅರ್ಧ ನಿಮಿಷಕ್ಕೆ 10 ಎಣಿಸಿದರೆ 20, ಸೊನ್ನೆ ಅಂಕ. 11 ಎಣಿಸಿದರೆ 22. ಎರಡರಿಂದ ಗುಣಿಸುವವಳ ಚಾರ್ಟಿನಲ್ಲಿ 21 ಅನ್ನುವ ಸಂಖ್ಯೆ ಬರಲಿಕ್ಕೇ ಸಾಧ್ಯವಿಲ್ಲ! ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ 21 ಅಂತ ಬರೆದಿಲ್ಲ. ಇದು ಹೊಳೆದ ದಿನ ಫೇಲಾದ ಬೇಸರಕ್ಕಿಂತ ದೊಡ್ಡ ಹೆದರಿಕೆ ಹುಟ್ಟಿತು. ಆ ಇಪ್ಪತ್ತೆಂಟರಲ್ಲಿ ಯಾರ ಉಸಿರು 21 ಇತ್ತೋ ಏನೋ.

ಇನ್ನು ಉಳಿದದ್ದು ಒಂದು ಸ್ಟೇಷನ್, ಒಂದು ಸಲ. ಒಂದು ಅರ್ಜಿಗೆ ಮೂರೇ ಅವಕಾಶ. ಈ ಸಲವೂ ಹೋದರೆ ಆರು ತಿಂಗಳು ಬಿಟ್ಟು ಹೊಸದಾಗಿ ಅರ್ಜಿ ಹಾಕಬೇಕು. ಆದರೆ ಅಷ್ಟು ಸಮಯ ನನಗಿಲ್ಲ. ಕೆಲಸಕ್ಕೆ ಸೇರಿ ಎಂಟು ತಿಂಗಳೊಳಗೆ ಪಿನ್ ಆಗಬೇಕು ಅಂತ ವೀಸಾದ ನಿಯಮ. ನಾನು ಸೇರಿದ್ದು ಡಿಸೆಂಬರ್ 16ಕ್ಕೆ, ಲೆಕ್ಕ ನೀವೇ ಹಾಕಿ. ಪರೀಕ್ಷೆ ಆಗಸ್ಟ್ 6, ಬುಧವಾರ. ಮೊದಲ ಸಲದ ಫೀಸು ಆಸ್ಪತ್ರೆಯೇ ಕಟ್ಟಿತ್ತು. ಆಮೇಲಿನದು ನನ್ನ ಕೈಯಿಂದ. ಒಂದು ಸಲಕ್ಕೆ 397 ಪೌಂಡು, ನಮ್ಮ ದುಡ್ಡಿನಲ್ಲಿ ನಲವತ್ತು ಸಾವಿರ ದಾಟುತ್ತದೆ. ಕಟ್ಟಿ ಆಗಿದೆ. ಅದಕ್ಕೆ ಕಳೆದ ತಿಂಗಳು ಸ್ವಲ್ಪವೇ ಕಳಿಸಿದ್ದು. ಅಮ್ಮನ ಬಳೆ ಬ್ಯಾಂಕಿನಿಂದ ಬಿಡಿಸಲು ಇನ್ನೂ ಸ್ವಲ್ಪ ತಡ ಆಗುತ್ತದೆ. ಹೊಸದಾಗಿ ಏನನ್ನೂ ಅಡವಿಡಬೇಡಿ.

ತಯಾರಿ ಹೇಗೆ ಅಂದರೆ ನಗಬೇಡಿ. ನನ್ನ ಮಂಚದ ಮೇಲೆ ಎರಡು ದಿಂಬು ಉದ್ದಕ್ಕೆ ಇಟ್ಟು ಚಾದರ ಹೊದೆಸುತ್ತೇನೆ. ಅದಕ್ಕೆ ಅಜ್ಜಿಯ ಹೆಸರು. ಬಾಗಿಲು ತಟ್ಟಿ, ಕೈ ತೊಳೆದು, "ನಮಸ್ಕಾರ, ನಾನು ನಿಮ್ಮ ನರ್ಸ್, ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನ ಹೇಳುತ್ತೀರಾ" ಅಂತ ಇಂಗ್ಲಿಷಿನಲ್ಲಿ ಶುರು ಮಾಡುತ್ತೇನೆ. ದಿಂಬಿನ ಪರವಾಗಿ ಉತ್ತರ ಕೊಡುವುದು ಕೋಟ್ಟಯಂ ಕಡೆಯ ಚೇಚಿ, ಅಂದರೆ ಮಲಯಾಳಿ ಅಕ್ಕ. ಅವರೂ ಒಂದು ಸಲ ಬಿದ್ದು ಪಾಸಾದವರು. ಅಜ್ಜಿಯ ಹುಟ್ಟಿದ ದಿನ ಯಾವುದು ಅಂದರೆ ನನಗೇ ಗೊತ್ತಿಲ್ಲ. "ದೊಡ್ಡ ನೆರೆ ಬಂದ ವರ್ಷ" ಅಂತ ಇಲ್ಲಿ ಬರೆಯಲಿಕ್ಕೆ ಆಗುವುದಿಲ್ಲವಲ್ಲ!

ಚೇಚಿಯ ಮನೆ ಊಟ ನನಗೆ ದೊಡ್ಡ ಆಸರೆ. ಬೆಲ್‌ಗ್ರೇವ್ ರೋಡಿನಲ್ಲಿ ಉದ್ದಕ್ಕೂ ಗುಜರಾತಿಗಳ ಅಂಗಡಿ, ಅಲ್ಲಿಂದ ತೆಂಗಿನಕಾಯಿ ತರುತ್ತಾರೆ. ಕುಚ್ಚಲಕ್ಕಿಯೂ ಸಿಗುತ್ತದೆ, ಚೀಲದ ಮೇಲೆ ಪಾಲಕ್ಕಾಡಿನ ಹೆಸರು. ಮೊದಲ ದಿನ ಅವರು ನನ್ನ ಪಾಸ್‌ಪೋರ್ಟಿನಲ್ಲಿ ಕೇರಳ ಅಂತ ನೋಡಿ ಮಲಯಾಳದಲ್ಲಿ ಮಾತು ಶುರು ಮಾಡಿದರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅಂದಾಗ ಅವರಿಗೆ ಆಶ್ಚರ್ಯ. ಇಲ್ಲಿನ ಕನ್ನಡದವರಿಗೆ ಫೋನು ಮಾಡಿದರೆ ಅವರೂ "ಕಾಸರಗೋಡಾ? ಓ, ಮಲಯಾಳಿ" ಅನ್ನುತ್ತಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮ ಪಾಡು ಇದೇ, ಇಂಗ್ಲೆಂಡಿಗೆ ಬಂದ ಮೇಲೂ ಬಿಡಲಿಲ್ಲ. ವಾರ್ಡಿನ ಮುದುಕರಿಗೆ ಈ ತಾಪತ್ರಯ ಇಲ್ಲ. ಅವರು ಎಲ್ಲರನ್ನೂ "ಮಿ ಡಕ್" ಅನ್ನುತ್ತಾರೆ, ನನ್ನ ಬಾತುಕೋಳಿ ಅಂತ ಅರ್ಥ. ಈ ಕಡೆಯ ಪ್ರೀತಿಯ ಮಾತಂತೆ. ಮೊದಲ ವಾರ ನಾನು ಬೈಗುಳ ಅಂತ ತಿಳಿದಿದ್ದೆ.

ಉಸಿರಿನ ಅಭ್ಯಾಸ ಮಾತ್ರ ದಿಂಬಿನಲ್ಲಿ ಆಗುವುದಿಲ್ಲ. ಅದಕ್ಕೆ ಜೀವ ಇರುವವರೇ ಬೇಕು. ಎಣಿಸುತ್ತಿದ್ದೇವೆ ಅಂತ ಗೊತ್ತಾದರೆ ಮನುಷ್ಯರು ಉಸಿರಾಡುವ ರೀತಿಯೇ ಬದಲಾಗುತ್ತದೆ. ನಾಡಿ ನೋಡಿದ ಮೇಲೂ ಕೈ ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವ ಹಾಗೆ ಇದ್ದು ಎದೆಯ ಕಡೆ ಕಣ್ಣಿಡಬೇಕು. ಬಸ್ಸಿನಲ್ಲಿ ಎದುರು ಕೂತು ತೂಕಡಿಸುವವರದ್ದು ಎಣಿಸುತ್ತೇನೆ. ನೈಟ್ ಮುಗಿಸಿ ಬಂದು ಮಲಗಿದ ಚೇಚಿಯದ್ದು ಎಣಿಸುತ್ತೇನೆ. ಮೂವತ್ತು ಸೆಕೆಂಡಿಗೆ ಮನಸ್ಸು "ಸಾಕು" ಅನ್ನುತ್ತದೆ. ಉಳಿದ ಮೂವತ್ತು ಇದೆಯಲ್ಲ, ಅದು ಎಷ್ಟು ಉದ್ದ ಅಂತ ನಿಮಗೆ ಹೇಗೆ ಹೇಳಲಿ? ಒಮ್ಮೆ ಗಡಿಯಾರ ಇಟ್ಟುಕೊಂಡು ಸುಮ್ನೆ ಕೂತು ನೋಡಿ.

ಕೆಲವು ಮಾತು ಹೇಳಿಬಿಡುತ್ತೇನೆ. ಆಗಸ್ಟ್ 6ಕ್ಕೆ ಫೋನು ಮಾಡಬೇಡಿ, ನಾನೇ ಮಾಡುತ್ತೇನೆ. ಚಿಕ್ಕಮ್ಮನಿಗೆ ಸದ್ಯಕ್ಕೆ ಹೇಳುವುದು ಬೇಡ. ಅಮ್ಮ, ಇನ್ನೊಂದು ಹರಕೆ ಹೇಳಿಕೊಳ್ಳಬೇಡ, ಹೇಳಿಕೊಂಡರೂ ಮುಗಿಯುವವರೆಗೆ ನನಗೆ ಹೇಳಬೇಡ. ಇನ್ನು ನಾಲ್ಕು ದಿನಕ್ಕೆ ಆಟಿ ತಿಂಗಳು ಶುರು. ಪತ್ರೊಡೆ ಮಾಡಿದರೆ ಫೋಟೊ ಬೇಡ, ಹೊಟ್ಟೆ ಉರಿಯುತ್ತದೆ. ಅಮಾವಾಸ್ಯೆಯ ಕಷಾಯವನ್ನು ತಮ್ಮನಿಗೆ ಒತ್ತಾಯ ಮಾಡಿಯಾದರೂ ಕುಡಿಸು, ಪ್ರತಿ ವರ್ಷ ಬಚ್ಚಲಿಗೆ ಚೆಲ್ಲುತ್ತಿದ್ದದ್ದು ಅವನೇ. ನಾನಲ್ಲ.

ಅಪ್ಪ, ಎರಡನೇ ಸಲ ಮದ್ದು ಬಿಡುವಾಗ ತಮ್ಮನನ್ನು ಹತ್ತಿರ ನಿಲ್ಲಿಸಿಕೊಳ್ಳಿ. ಅವನಿಗೆ ಬಾಯಿ ಬಿಟ್ಟು ಹೇಳಿ, ಯಾವುದರ ಮೇಲೆ ಯಾವುದು ಹೊಯ್ಯಬೇಕು, ಕತ್ತಿ ಎಷ್ಟು ಹೊತ್ತು ಅದ್ದಬೇಕು ಅಂತ. ಅವನು ನೋಡುತ್ತಾನೆ ಅಂತ ನೀವು ತಿಳಿದಿದ್ದೀರಿ. ಅವನು ಫೋನು ನೋಡುತ್ತಿರುತ್ತಾನೆ.

ಕಳೆದ ಆದಿತ್ಯವಾರ ಅಮ್ಮ ವಿಡಿಯೊ ಕಾಲ್ ಮಾಡಿ ಫೋನನ್ನು ಜಗಲಿಯ ದಳಿಯ ಮೇಲೆ ಇಟ್ಟು ಒಲೆಯ ಹತ್ತಿರ ಓಡಿದಳಲ್ಲ. ಆಗ ಅಪ್ಪ ಆರಾಮ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಹಿಂದಿನಿಂದ ಮಳೆಯ ಸದ್ದು. ನಾನು ಕರೆಯಲಿಲ್ಲ. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿದೆ. 16 ಇತ್ತು ಅಪ್ಪ. ಸೊನ್ನೆ ಅಂಕ.

ನಿಮ್ಮ ಮಗಳು