ಯುವಕರಿಗೆ ಸಮಿತಿಯಲ್ಲೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಲಂಡನ್ ಮಿಷನ್‌ನ ಕ್ರೈಸ್ತ ಪ್ರಚಾರಕರು ಬೆಳಗಾವಿಗೆ ಬಂದದ್ದು 1820ರಲ್ಲಿ. ಇಷ್ಟು ಹಳೆಯ ಕ್ರೈಸ್ತ ಸಭೆಗಳಿರುವ ಊರಲ್ಲಿ ಯುವಕರನ್ನು ಚರ್ಚ್ ಸಮಿತಿಯಿಂದ ಇನ್ನೂ ದೂರವೇ ಇಟ್ಟಿದ್ದೇವೆ. ಕ್ರಿಸ್‌ಮಸ್‌ಗೆ ನಕ್ಷತ್ರ ಕಟ್ಟಲು, ಗೋದಲಿ ಮಾಡಲು, ಮೈಕ್ ಜೋಡಿಸಲು ಅವರೇ ಬೇಕು. ಲೆಕ್ಕಪತ್ರದ ಮಾತು ಬಂದರೆ ಯಾರೂ ಕರೆಯುವುದಿಲ್ಲ.

ನಮ್ಮ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಹುಡುಗ ಹುಡುಗಿಯರು ಚಹಾ, ಚುರುಮುರಿ ಇಟ್ಟುಕೊಂಡು ಕೂರುತ್ತಾರೆ. ಉದ್ಯಮಬಾಗದಲ್ಲಿ ರಾತ್ರಿ ಪಾಳಿ ಮುಗಿಸಿದವನೂ ಕಣ್ಣುಜ್ಜಿಕೊಂಡು ಬರುತ್ತಾನೆ. ಹಾಡುತ್ತಾರೆ, ಕೆಲಸ ಹುಡುಕುವವರಿಗೆ ದಾರಿ ಹೇಳುತ್ತಾರೆ. ಹಾಸಿಗೆ ಹಿಡಿದ ಅಜ್ಜಿಯ ಮನೆಗೆ ಹೋಗಿ ಪ್ರಾರ್ಥಿಸಿ, ಔಷಧಿ ಚೀಟಿ ಇಸಿದುಕೊಂಡು ಅಂಗಡಿಗೆ ಓಡುತ್ತಾರೆ. ಇವರನ್ನು ಸುಮ್ನೆ ಮೊಬೈಲ್ ಮಕ್ಕಳು ಅನ್ನಬೇಡಿ. ಸಮಿತಿಯಲ್ಲಿ ಇಬ್ಬರಿಗಾದರೂ ಜಾಗ ಕೊಡಿ. ಮುಂದಿನ ಚುನಾವಣೆಯಲ್ಲೇ ಇದಾಗಲಿ.

– ಸಭೆಯ ಸದಸ್ಯೆ, ಕ್ಯಾಂಪ್, ಬೆಳಗಾವಿ