ಧ್ವನಿ ಹೊಂದಿಸಲು ಇಂಟರ್ನೆಟ್ ಕಡ್ಡಾಯವಾಗದಿರಲಿ

ಸಂಪಾದಕರಿಗೆ,

ಮಾನ್ಯರೇ,

ಹಬ್ಬದ ದಿನಗಳು ಹತ್ತಿರವಾದಂತೆ ಪತ್ರಿಕೆಗಳ ಪುಟ ತುಂಬ ಹೋಂ ಥಿಯೇಟರ್ ಮತ್ತು ಸೌಂಡ್ ಬಾರ್‌ಗಳ (ಟಿ.ವಿ.ಯ ಕೆಳಗಿಡುವ ಉದ್ದನೆಯ ಸ್ಪೀಕರ್ ಪೆಟ್ಟಿಗೆಗಳ) ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ವಾಟ್, ವೂಫರ್‌ಗಳ ಲೆಕ್ಕದ ಜೊತೆಗೆ ಈಗ ‘ವೈ-ಫೈ ಸೌಲಭ್ಯವಿದೆ’ ಎಂಬುದೂ ದಪ್ಪ ಅಕ್ಷರಗಳಲ್ಲಿ ಅಚ್ಚಾಗುತ್ತಿದೆ. ಆ ವೈ-ಫೈ ಯಾವ ಕೆಲಸಕ್ಕೆ ಬೇಕು, ಅದು ಇಲ್ಲದಿದ್ದರೆ ಏನೇನು ನಿಂತುಹೋಗುತ್ತದೆ ಎಂಬುದನ್ನು ಮಾತ್ರ ಜಾಹೀರಾತಿನವರೂ ಹೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ.

ಕಳೆದ ಆಷಾಢದಲ್ಲಿ ಬೆಂಗಳೂರಿನಲ್ಲಿರುವ ಮಗ, ಸಾಗರದ ಸಮೀಪದ ನಮ್ಮ ಮನೆಗೆ ಒಂದು ಸೌಂಡ್ ಬಾರ್ ಕಳುಹಿಸಿಕೊಟ್ಟ. ಗಾಳಿಮಳೆಗೆ ಮರ ಬಿದ್ದು ಫೈಬರ್ ತಂತಿ ಹರಿದು ಆಗಲೇ ವಾರವಾಗಿತ್ತು. ಮೊಬೈಲ್ ಸಿಗ್ನಲ್ ಬೇಕೆಂದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು. ಡಿಟಿಎಚ್‌ನಲ್ಲಿ ಧಾರಾವಾಹಿ ನೋಡುವ, ಎಂಬತ್ತು ದಾಟಿದ ನಮ್ಮ ಅಮ್ಮನಿಗೆ ಹಿನ್ನೆಲೆ ಸಂಗೀತ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಮಾತು ಹೆಚ್ಚಾಗಿ ಬರುವುದು ನಡುವಿನ ಸ್ಪೀಕರ್‌ನಿಂದ. ಅದೊಂದನ್ನು ಎರಡು ಮೂರು ಡೆಸಿಬಲ್ ಏರಿಸಿದರೆ ಸಾಕಿತ್ತು. ಆದರೆ ರಿಮೋಟ್‌ನಲ್ಲಿ ಅದಕ್ಕೆ ಗುಂಡಿಯೇ ಇರಲಿಲ್ಲ. ಅದು ಇದ್ದದ್ದು ಆ್ಯಪ್‌ನಲ್ಲಿ; ಆ್ಯಪ್ ತೆರೆಯಲು ಇಮೇಲ್ ಖಾತೆ ಬೇಕು, ಲೊಕೇಶನ್ ಅನುಮತಿ ಬೇಕು, ಎಲ್ಲಕ್ಕಿಂತ ಮೊದಲು ಇಂಟರ್ನೆಟ್ ಬೇಕು. ಕೊನೆಗೆ ಅಟ್ಟದ ಮೇಲಿದ್ದ 18 ವರ್ಷ ಹಳೆಯ 5.1 (ಐದು ಸ್ಪೀಕರ್, ಒಂದು ವೂಫರ್‌ನ) ಆಂಪ್ಲಿಫೈಯರನ್ನು ಕೆಳಗಿಳಿಸಿ, ಧೂಳು ಒರೆಸಿ, ‘ಸೆಂಟರ್’ ಎಂದು ಬರೆದಿದ್ದ ತಿರುಗಣೆಯನ್ನು ಬಲಕ್ಕೆ ತಿರುಗಿಸಿದೆ. ‘ಈಗ ಕೇಳ್ತು ನೋಡು’ ಎಂದರು ಅಮ್ಮ.

ಓಟಿಟಿ ನೋಡುವ ಮನೆಗಳಲ್ಲೂ ಇಂಟರ್ನೆಟ್ ಬೇಕಾಗಿರುವುದು ಟಿ.ವಿ.ಗೇ ಹೊರತು ಸ್ಪೀಕರ್‌ಗಲ್ಲ. ಟಿ.ವಿ.ಗೆ ಬಂದ ಧ್ವನಿಯನ್ನು ಹೊರಗೆ ಕಳುಹಿಸಲು 2009ರಿಂದಲೇ ಎಚ್‌ಡಿಎಂಐ ಕೇಬಲ್‌ನಲ್ಲಿ ‘ಎಆರ್‌ಸಿ’ ಎಂಬ ವ್ಯವಸ್ಥೆಯಿದೆ. ಸುತ್ತಲಿಂದಲೂ ಮೇಲಿನಿಂದಲೂ ಸದ್ದು ಬಂದಂತೆ ಕೇಳಿಸುವ ಡಾಲ್ಬಿ ಅಟ್ಮಾಸ್ ಕೂಡ ಅದರ ಮೂಲಕ ಹೋಗಬಲ್ಲದು. 2017ರಲ್ಲಿ ಬಂದ ‘ಇ-ಎಆರ್‌ಸಿ’ ಕುಗ್ಗಿಸದ ಬಹುವಾಹಿನಿ (ಒಂದೊಂದು ಸ್ಪೀಕರ್‌ಗೂ ಬೇರೆ ಬೇರೆಯಾದ) ಧ್ವನಿಯನ್ನೂ ಒಯ್ಯುತ್ತದೆ. ತೋಷಿಬಾ ಕಂಪನಿ 1983ರಲ್ಲಿ ತಂದ ಆಪ್ಟಿಕಲ್ ಕೇಬಲ್ ಇಂದಿಗೂ 5.1 ಧ್ವನಿಯನ್ನು ನಿಷ್ಠೆಯಿಂದ ಸಾಗಿಸುತ್ತಿದೆ. (ಹಿಂಬದಿಯ ವೈರ್‌ಲೆಸ್ ಸ್ಪೀಕರ್‌ಗಳಿಗಾದರೂ ಇಂಟರ್ನೆಟ್ ಬೇಡವೇ ಎಂದು ಕೇಳುವವರಿದ್ದಾರೆ, ಅವು ಮುಖ್ಯ ಪೆಟ್ಟಿಗೆಯೊಂದಿಗೆ ತಮ್ಮದೇ ರೇಡಿಯೊ ಸಂಪರ್ಕದಲ್ಲಿ ಮಾತಾಡಿಕೊಳ್ಳುತ್ತವೆ, ಹೊರಗಿನ ಜಾಲ ಅದಕ್ಕೆ ಬೇಕಿಲ್ಲ.)

ವೈ-ಫೈಯಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬ್ಲೂಟೂತ್‌ನಲ್ಲಿ ಹಾಡು ಕೇಳುವಾಗ ಫೋನ್ ಬಂದರೆ ಹಾಡು ನಿಲ್ಲುತ್ತದೆ, ಫೋನ್ ಹಿಡಿದು ಅಂಗಳಕ್ಕೆ ಹೋದರೆ ಸದ್ದು ತುಂಡಾಗುತ್ತದೆ. ವೈ-ಫೈ ಇದ್ದರೆ ಸ್ಪೀಕರ್ ತಾನೇ ಹಾಡನ್ನು ಎಳೆದುಕೊಳ್ಳುವುದರಿಂದ ಈ ಕಾಟವಿಲ್ಲ. ಸಂಗೀತಪ್ರಿಯರಿಗೆ ಇದು ನಿಜವಾದ ಅನುಕೂಲ. ನನ್ನ ತಕರಾರು ಇಷ್ಟೇ: ಈ ಹೆಚ್ಚುವರಿ ಅನುಕೂಲದ ಬೆನ್ನಿಗೆ ಧ್ವನಿ ಹೊಂದಿಸುವಂಥ ಮೂಲ ಕೆಲಸವನ್ನೂ ಕಟ್ಟಿಹಾಕಬಾರದು.

ಹಾಗೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮೂರಿನ ಮಳೆಯೊಂದೇ ಉದಾಹರಣೆಯಲ್ಲ. 2024ರ ಮೇ ತಿಂಗಳಿನಲ್ಲಿ ಸ್ಪೀಕರ್ ತಯಾರಿಸುವ ಅಮೆರಿಕದ ಸೋನೋಸ್ ಕಂಪನಿ ತನ್ನ ಆ್ಯಪ್ ಅನ್ನು ಹೊಸದಾಗಿ ರೂಪಿಸಿದಾಗ ಅಲಾರಾಂ, ಸ್ಲೀಪ್ ಟೈಮರ್‌ನಂಥ ಸೌಲಭ್ಯಗಳು ಮಾಯವಾಗಿ ಗ್ರಾಹಕರು ರೊಚ್ಚಿಗೆದ್ದರು. 2025ರ ಜನವರಿಯಲ್ಲಿ ಅದರ ಮುಖ್ಯಸ್ಥ ಪ್ಯಾಟ್ರಿಕ್ ಸ್ಪೆನ್ಸ್ ಹುದ್ದೆ ತೊರೆದರು. ಅದೇ ವರ್ಷದ ಮಾರ್ಚ್‌ನಲ್ಲಿ ಸ್ಯಾಮ್‌ಸಂಗ್‌ನ ದುಬಾರಿ ಸೌಂಡ್ ಬಾರ್ ಮಾದರಿಯೊಂದು ಇಂಟರ್ನೆಟ್ ಮೂಲಕ ಬಂದ ಅಪ್‌ಡೇಟ್‌ನಿಂದಲೇ ಹಲವರ ಮನೆಗಳಲ್ಲಿ ಕೆಟ್ಟು ಕುಳಿತಿತು. ಅಕ್ಟೋಬರ್‌ನಲ್ಲಿ ಬೋಸ್ ಕಂಪನಿಯು ಸೌಂಡ್‌ಟಚ್ ಸ್ಪೀಕರ್‌ಗಳ ಕ್ಲೌಡ್ ಸೇವೆಯನ್ನು (ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗಳಿಂದ ನಡೆಯುವ ಸೇವೆ) 2026ರಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿತು. ತಂತಿಯ ಮೂಲಕ ಬರುವ ಧ್ವನಿಗೆ ಇದರಿಂದ ಧಕ್ಕೆಯಿಲ್ಲವಂತೆ. ನಾನು ಹೇಳುತ್ತಿರುವುದೂ ಅದನ್ನೇ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಜಾಲಕ್ಕೆ ಸೇರುವ ಗೃಹಬಳಕೆಯ ಉಪಕರಣಗಳಿಗೆ ಕನಿಷ್ಠ ಎಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಕೊಡಲಾಗುತ್ತದೆ ಎಂಬುದನ್ನು ತಯಾರಕರು ತಿಳಿಸಲೇಬೇಕೆಂಬ ಕಾನೂನು ಜಾರಿಯಲ್ಲಿದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಡಿಸೆಂಬರ್‌ನಲ್ಲಿ ‘ದುರಸ್ತಿಯ ಹಕ್ಕು’ ಪೋರ್ಟಲ್ ಆರಂಭಿಸಿದೆ. ಅದೇ ಇಲಾಖೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಇಂಟರ್ನೆಟ್ ಇಲ್ಲದೆ ಈ ಉಪಕರಣ ಯಾವ ಯಾವ ಕೆಲಸ ಮಾಡುತ್ತದೆ, ಯಾವ ವರ್ಷದವರೆಗೆ ಅಪ್‌ಡೇಟ್ ಸಿಗುತ್ತದೆ ಎಂಬ ಎರಡು ಸಾಲುಗಳನ್ನು ಗರಿಷ್ಠ ಮಾರಾಟ ಬೆಲೆಯ ಪಕ್ಕದಲ್ಲೇ, ಕನ್ನಡದಲ್ಲೂ ಮುದ್ರಿಸುವಂತೆ ತಯಾರಕರಿಗೆ ಸೂಚಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಓರ್ವ ಓದುಗ, ಸಾಗರ ತಾಲ್ಲೂಕು